ಭೂತ ಯಾವ ಭಾಷೆ ಮಾತಾಡುತ್ತದೆ?

ಪಠ್ಯದಾಚೆಯ ಪಾಠ: ದೆವ್ವದ ಸಿನಿಮಾ, ರೀಮೇಕು ಮತ್ತು ನಾವು

ಈ ಸಂಚಿಕೆಯ ಪಾಠ ನಿಮ್ಮ ಪಠ್ಯಪುಸ್ತಕದಲ್ಲಿಲ್ಲ, ಪರೀಕ್ಷೆಗೂ ಬರುವುದಿಲ್ಲ. ಆದರೂ ನಿಮ್ಮಲ್ಲಿ ಅನೇಕರು ಪಠ್ಯಕ್ಕಿಂತ ಹೆಚ್ಚು ಶ್ರದ್ಧೆಯಿಂದ ಅಭ್ಯಾಸ ಮಾಡಿರುವ ವಿಷಯ ಇದು. ಯಾವ ಸಿನಿಮಾದ ಯಾವ ಭಾಗದಲ್ಲಿ ದೆವ್ವ ಹೇಗೆ ಬಂತು, ಯಾವುದರ ಗ್ರಾಫಿಕ್ಸ್ ಚೆನ್ನಾಗಿತ್ತು, ಯಾವುದು ಡಬ್ಬಾ ಎಂದು ಕಾರಿಡಾರಿನಲ್ಲಿ ನಡೆಯುವ ವಾದಗಳು ನನ್ನ ಕಿವಿಗೂ ಬೀಳುತ್ತವೆ. ನಾನೂ ಆ ಪಂಗಡದವನೇ. ದೆವ್ವದ ಸಿನಿಮಾ ಅಂದರೆ ಊಟ ಬಿಟ್ಟು ಕೂರುವ ಜಾತಿ. ಹಾಗಾಗಿ ಇಲ್ಲಿರುವ ಅಭಿಪ್ರಾಯಗಳು ಅಭಿಮಾನಿಯೊಬ್ಬನವು; ಒಪ್ಪದಿದ್ದರೆ ಜಗಳಕ್ಕೆ ಬನ್ನಿ.

ಈ ಪಾಠ ಓದಿದ ಮೇಲೆ ನಿಮಗೆ ಮೂರು ವಿಷಯ ತಿಳಿಯಬೇಕು. ಒಂದು, ರೀಮೇಕು ಅಂದರೆ ಬರೀ ನಕಲು ಅಲ್ಲ ಏಕೆ. ಎರಡು, ಒಂದೇ ದೆವ್ವ ಊರಿಂದ ಊರಿಗೆ ಹೋದಾಗ ಏನೇನು ಬದಲಾಗುತ್ತದೆ. ಮೂರು, ಪರದೆಯ ಮೇಲಿನ ದೆವ್ವದಿಂದ ಪರದೆಯ ಈಚೆ ಇರುವವರಿಗೆ ಯಾವಾಗ ತೊಂದರೆಯಾಗುತ್ತದೆ. ಕಥೆಗಳ ಗುಟ್ಟು ಅಲ್ಲಲ್ಲಿ ಬಯಲಾಗುತ್ತದೆ, ಅದಕ್ಕೆ ಕ್ಷಮೆ ಇರಲಿ.

೧. ಮೊದಲು ಪದಗಳು

ರೀಮೇಕ್ ಎಂದರೆ ಇದ್ದ ಕಥೆಯನ್ನೇ ಹೊಸ ನಟರು, ಹೊಸ ಭಾಷೆ, ಹೊಸ ಊರಿನಲ್ಲಿ ಮತ್ತೆ ಚಿತ್ರಿಸುವುದು. ಡಬ್ಬಿಂಗ್ ಎಂದರೆ ಚಿತ್ರ ಅದೇ, ಮಾತು ಮಾತ್ರ ಬೇರೆ. ಸೀಕ್ವೆಲ್ ಎಂದರೆ ಮುಂದಿನ ಭಾಗ.

ಕನ್ನಡದಲ್ಲಿ ರೀಮೇಕುಗಳು ಇಷ್ಟೊಂದು ಬಂದದ್ದಕ್ಕೆ ಒಂದು ಕಾರಣ ಡಬ್ಬಿಂಗ್ ಇಲ್ಲದಿದ್ದದ್ದು. 1960ರ ದಶಕದ ಚಳವಳಿಯ ನಂತರ ಪರಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದು ಬಹುತೇಕ ನಿಂತೇಹೋಯಿತು. ಅದಕ್ಕೆ ಕಾನೂನಿನ ನಿಷೇಧವೇನೂ ಇರಲಿಲ್ಲ, ಉದ್ಯಮವೇ ಹಾಕಿಕೊಂಡ ಕಟ್ಟುಪಾಡು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಆ ಕಟ್ಟು ಸಡಿಲವಾಯಿತು. ನಡುವಿನ ಐವತ್ತು ವರ್ಷ, ಪಕ್ಕದ ರಾಜ್ಯದ ಒಳ್ಳೆಯ ಕಥೆ ಕನ್ನಡದಲ್ಲಿ ಬೇಕೆಂದರೆ ಮತ್ತೆ ಚಿತ್ರಿಸುವುದೊಂದೇ ದಾರಿ.

ದೆವ್ವ, ಭೂತ, ರಾಕ್ಷಸ ಎಂಬ ಪದಗಳನ್ನೂ ಬೇರೆ ಬೇರೆ ಇಡಿ. ದೆವ್ವ ಎಂದರೆ ಸತ್ತವರು ಮರಳಿ ಬರುವುದು. ರಾಕ್ಷಸನಿಗೆ ಸಾವಿನ ಹಂಗಿಲ್ಲ, ಅವನಿರುವುದೇ ಹಾಗೆ. ಭೂತ ಎಂದರೆ ಬೆಂಗಳೂರಿನಲ್ಲಿ ಹೆದರಿಕೆ, ತುಳುನಾಡಿನಲ್ಲಿ ನಂಬಿ ಆರಾಧಿಸುವ ದೈವ. ಒಂದೇ ಪದ ಘಟ್ಟ ಇಳಿದರೆ ಅರ್ಥ ಬದಲಿಸುತ್ತದೆ. ಕಥೆಗಳೂ ಹಾಗೆಯೇ.

೨. ಓದು ಬಲ್ಲ ದೆವ್ವ

ನಮ್ಮೂರಿನದೇ ಉದಾಹರಣೆಯಿಂದ ಶುರು ಮಾಡೋಣ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಒಂದು ಸುದ್ದಿ ಹಬ್ಬಿತ್ತು. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಬಾಗಿಲು ತಟ್ಟುತ್ತದೆ, ಮನೆಯವರದೇ ಧ್ವನಿಯಲ್ಲಿ ಕೂಗುತ್ತದೆ, ಬಾಗಿಲು ತೆಗೆದವರ ಕಥೆ ಮುಗಿಯಿತು ಎಂದು. ಇದಕ್ಕೆ ಜನ ಕಂಡುಕೊಂಡ ಉಪಾಯ ಅದ್ಭುತವಾದದ್ದು. ಗೋಡೆಯ ಮೇಲೆ, ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಬಂದು ಓದಿ ವಾಪಸ್ಸು ಹೋಗುತ್ತದೆ. ಮರುದಿನ ಬಂದರೆ ಮತ್ತೆ ಅದೇ ಬರಹ. ಸಾಲಗಾರನನ್ನು ಸಾಗಹಾಕುವ ಕ್ರಮವನ್ನೇ ದೆವ್ವಕ್ಕೂ ಬಳಸಿದರು!

ಇಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಈ ದೆವ್ವಕ್ಕೆ ಕನ್ನಡ ಓದಲು ಬರುತ್ತದೆ. ಮನೆಯವರ ಧ್ವನಿಯೂ ಬರುತ್ತದೆ. ಅಂದರೆ ಅದು ಹೊರಗಿನದಲ್ಲ, ನಮ್ಮದೇ ಬೀದಿಯದು.

2018ರಲ್ಲಿ ಬಂದ ಹಿಂದಿ ಚಿತ್ರ ‘ಸ್ತ್ರೀ’ ಈ ಕಥೆಯನ್ನೇ ಮಧ್ಯಪ್ರದೇಶದ ಚಂದೇರಿಗೆ ಒಯ್ದಿತು. ಅಲ್ಲಿನ ಗೋಡೆಗಳ ಮೇಲೆ ‘ಓ ಸ್ತ್ರೀ ಕಲ್ ಆನಾ’ ಎಂದಾಯಿತು. ನಿರ್ದೇಶಕ ಅಮರ್ ಕೌಶಿಕ್. ಚಿತ್ರ ಮಾಡಿದ ಮುಖ್ಯ ಬದಲಾವಣೆ ಎಂದರೆ, ದೆವ್ವ ಗಂಡಸರನ್ನು ಮಾತ್ರ ಎತ್ತಿಕೊಂಡು ಹೋಗುತ್ತದೆ. ಹಾಗಾಗಿ ಕತ್ತಲಾದ ಮೇಲೆ ಹೊರಗೆ ಹೋಗಬೇಡ, ಒಬ್ಬನೇ ತಿರುಗಬೇಡ ಎಂಬ ಬುದ್ಧಿಮಾತು ಹುಡುಗರಿಗೆ ಸಿಗತೊಡಗುತ್ತದೆ. ನಮ್ಮ ಕಾಲೇಜಿನ ಹುಡುಗಿಯರು ಈ ಮಾತನ್ನು ಎಷ್ಟು ಸಲ ಕೇಳಿದ್ದಾರೋ! ಹುಡುಗರು ಅದನ್ನು ಕೇಳಿಸಿಕೊಂಡು ನಗುತ್ತಲೇ ಸುಸ್ತಾಗುತ್ತಾರೆ. ಕೊನೆಗೆ ಊರಿನವರು ಗೋಡೆಯ ಬರಹವನ್ನೇ ಬದಲಿಸಿ ‘ಓ ಸ್ತ್ರೀ ರಕ್ಷಾ ಕರ್ನಾ’ ಎಂದು ಬರೆಯುತ್ತಾರೆ. ಹೆದರಿಸಿದವಳೇ ಕಾಯುವವಳಾದಳು.

ಒಳ್ಳೆಯ ಮರುಸೃಷ್ಟಿ ಎಂದರೆ ಹೀಗಿರಬೇಕು. ಬೆಂಗಳೂರಿನ ಕಥೆ ಕೇಳಿದ್ದು, ದೆವ್ವದಿಂದ ತಪ್ಪಿಸಿಕೊಳ್ಳುವುದು ಹೇಗೆ ಎಂದು. ಚಂದೇರಿಯ ಕಥೆ ಕೇಳಿದ್ದು, ಅವಳು ದೆವ್ವವಾದದ್ದು ಯಾರಿಂದ ಎಂದು. 2024ರ ‘ಸ್ತ್ರೀ 2’ರಲ್ಲಿ ತಲೆಯಿಲ್ಲದ ದೈತ್ಯನೊಬ್ಬ ಬರುತ್ತಾನೆ. ಅವನ ರುಂಡ ಕಂಪ್ಯೂಟರಿನಲ್ಲಿ ಮಾಡಿದ್ದು, ದೊಡ್ಡದು, ಸದ್ದು ಜಾಸ್ತಿ. ಥಿಯೇಟರಿನಲ್ಲಿ ಖುಷಿಯಾಗುತ್ತದೆ, ಮನೆಗೆ ಬಂದ ಮೇಲೆ ಕತ್ತಲ ಕೋಣೆಗೆ ಹೋಗಲು ಹೆದರಿಕೆಯೇನೂ ಆಗುವುದಿಲ್ಲ. ಅಭಿಮಾನಿಯ ಲೆಕ್ಕದಲ್ಲಿ ಇದು ಸೋಲು.

೩. ನಾಗವಲ್ಲಿಯ ಪ್ರಯಾಣ

ಈಗ ರೀಮೇಕಿನ ದೊಡ್ಡ ಉದಾಹರಣೆ. 1993ರಲ್ಲಿ ಮಲಯಾಳಂನಲ್ಲಿ ‘ಮಣಿಚಿತ್ರತಾಳ್’ ಬಂತು. ನಿರ್ದೇಶಕ ಫಾಝಿಲ್, ಕಥೆ ಮಧು ಮುಟ್ಟಂ ಅವರದು. ಗಂಗಾ ಪಾತ್ರಕ್ಕೆ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. 2004ರಲ್ಲಿ ಪಿ. ವಾಸು ಅದನ್ನು ಕನ್ನಡದಲ್ಲಿ ‘ಆಪ್ತಮಿತ್ರ’ ಮಾಡಿದರು. ವಿಷ್ಣುವರ್ಧನ್ ಮನೋವೈದ್ಯ, ಸೌಂದರ್ಯ ಗಂಗಾ. ಮರುವರ್ಷ ಅವರೇ ತಮಿಳಿನಲ್ಲಿ ರಜನೀಕಾಂತ್ ಜೊತೆ ‘ಚಂದ್ರಮುಖಿ’ ಮಾಡಿದರು. 2007ರಲ್ಲಿ ಪ್ರಿಯದರ್ಶನ್ ಹಿಂದಿಯಲ್ಲಿ ‘ಭೂಲ್ ಭುಲಯ್ಯ’ ಮಾಡಿದರು. ಅಲ್ಲಿ ನಾಯಕಿ ವಿದ್ಯಾ ಬಾಲನ್.

ಕಥೆಯ ಹಂದರ ಎಲ್ಲ ಕಡೆ ಒಂದೇ. ಹಳೆಯ ದೊಡ್ಡ ಮನೆ, ಬೀಗ ಹಾಕಿದ ಕೋಣೆ. ಹಿಂದೊಮ್ಮೆ ಆ ಮನೆಯ ಒಡೆಯ ಬೇರೆ ನಾಡಿನ ನರ್ತಕಿಯೊಬ್ಬಳನ್ನು ಕರೆತಂದು, ಅವಳು ಇನ್ನೊಬ್ಬನನ್ನು ಪ್ರೀತಿಸಿದಳೆಂದು ಅವಳ ಬದುಕನ್ನೇ ಮುಗಿಸಿದ್ದ. ಈಗ ಆ ಮನೆಗೆ ಬಂದ ಹೆಣ್ಣುಮಗಳು ಆ ನರ್ತಕಿಯಂತೆ ಮಾತಾಡತೊಡಗುತ್ತಾಳೆ, ಕುಣಿಯತೊಡಗುತ್ತಾಳೆ.

ಈಗ ನಾನು ನಿಮಗೆ ತೋರಿಸಬೇಕೆಂದಿದ್ದ ವಿಷಯ. ಆ ನರ್ತಕಿ ಯಾವ ಭಾಷೆ ಮಾತಾಡುತ್ತಾಳೆ? ಪಟ್ಟಿ ಮಾಡಿ ನೋಡಿ:

ಮಲಯಾಳಂ ಚಿತ್ರದಲ್ಲಿ ಅವಳದು ತಮಿಳು.
ಕನ್ನಡ ಚಿತ್ರದಲ್ಲಿ ತೆಲುಗು.
ತಮಿಳು ಚಿತ್ರದಲ್ಲಿಯೂ ತೆಲುಗು.
ಹಿಂದಿ ಚಿತ್ರದಲ್ಲಿ ಬಂಗಾಳಿ.

ಒಂದು ಸಲವೂ ದೆವ್ವ ಪ್ರೇಕ್ಷಕರ ಭಾಷೆ ಮಾತಾಡುವುದಿಲ್ಲ. ಯಾವಾಗಲೂ ಪಕ್ಕದವರ ಭಾಷೆ. ಮಲಯಾಳಿಗೆ ತಮಿಳು ಹೆದರಿಕೆ ಹುಟ್ಟಿಸುತ್ತದೆ, ತಮಿಳರಿಗೆ ತೆಲುಗು. ಪೂರ್ತಿ ತಿಳಿಯದ ಭಾಷೆಯಾದರೆ ಹೆದರಿಕೆ ಬರುವುದಿಲ್ಲ, ತಮಾಷೆಯಾಗುತ್ತದೆ. ಪೂರ್ತಿ ತಿಳಿದರೂ ಹೆದರಿಕೆಯಿಲ್ಲ. ಅರ್ಧ ತಿಳಿದು ಅರ್ಧ ತಿಳಿಯದ, ದಿನಾ ಕಿವಿಗೆ ಬೀಳುವ, ಆದರೆ ನಮ್ಮದಲ್ಲದ ಮಾತು ಬೇಕು. ನಿರ್ದೇಶಕರು ಇದನ್ನು ಸೂತ್ರವಾಗಿ ಕಲಿತಿರಲಿಕ್ಕಿಲ್ಲ. ಕೈ ತಾನಾಗಿಯೇ ಅಲ್ಲಿಗೆ ಹೋಗಿದೆ.

ಗಾಂಧಿ ಬಜಾರಿನಲ್ಲಿ ಒಂದು ಸಂಜೆ ಹೂವಿನ ಸಾಲಿನಿಂದ ಹಣ್ಣಿನ ಸಾಲಿನವರೆಗೆ ನಡೆದರೆ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಕಿವಿಗೆ ಬೀಳುತ್ತವೆ. ಮೊಳ ಹೂವಿಗೆ ಚೌಕಾಸಿ ಮಾಡುವಾಗ ಆ ಭಾಷೆಗಳಲ್ಲಿ ದೆವ್ವವೇನೂ ಕಾಣುವುದಿಲ್ಲ. ಅದೇ ಭಾಷೆಯನ್ನು ನೀಲಿ ಬೆಳಕು ಹಾಕಿ, ಕೂದಲು ಬಿಚ್ಚಿ, ಕಣ್ಣಿಗೆ ಕಾಡಿಗೆ ತೀಡಿ ತೋರಿಸಿದರೆ ನಡುಗುತ್ತೇವೆ. ಸಿನಿಮಾ ಭಯವನ್ನು ಎಲ್ಲಿಂದಲೋ ತರುವುದಿಲ್ಲ. ‘ಅವರು ಬೇರೆ’ ಎಂದು ನಮ್ಮೊಳಗೆ ಮೊದಲೇ ಇರುವ ಗೆರೆಯ ಮೇಲೆ ಬಣ್ಣ ಬಳಿಯುತ್ತದೆ. ಯಾರೋ ನಮ್ಮ ಭಾಷೆಗೋ ಉಡುಪಿಗೋ ಅಂಥ ಬಣ್ಣ ಬಳಿದಾಗ ನಮಗೆ ಹೇಗನ್ನಿಸುತ್ತದೆ ಎಂಬುದು ನಿಮಗೆ ಗೊತ್ತು. ಹಾಗಾಗಿ ನಾವು ಬೇರೆಯವರಿಗೆ ಬಳಿಯುವಾಗಲೂ ಅದು ನೆನಪಿರಬೇಕು.

ನಾಗವಲ್ಲಿಯ ಕಥೆಯ ಒಳ್ಳೆಯತನವನ್ನೂ ಹೇಳಬೇಕು. ಈ ನಾಲ್ಕು ಚಿತ್ರಗಳೂ ಕೊನೆಗೆ ನರ್ತಕಿಯ ಕಡೆಗೇ ವಾಲುತ್ತವೆ. ತಪ್ಪು ಅವಳದಲ್ಲ, ಆ ಒಡೆಯನದು ಎಂದು ಪ್ರೇಕ್ಷಕನಿಗೆ ಗೊತ್ತಾಗುತ್ತದೆ. ಹೆದರಿಸಿದವಳ ಮೇಲೆ ಕನಿಕರ ಹುಟ್ಟಿಸುವುದು ಸುಲಭದ ಕೆಲಸವಲ್ಲ. ಅದಕ್ಕೇ ಈ ಕಥೆ ಇಷ್ಟು ಭಾಷೆಗಳಲ್ಲಿ ಬದುಕಿತು.

೪. ಕಾಯಿಲೆಯೋ, ದೆವ್ವವೋ?

1993ರ ಕಥೆಯ ದೊಡ್ಡ ತಿರುವು ದೆವ್ವ ಇಲ್ಲ ಎಂಬುದೇ. ಗಂಗಾಳ ಮನಸ್ಸಿಗೆ ಕಾಯಿಲೆಯಾಗಿದೆ. ಬಾಲ್ಯದ ನೋವು, ಒಂಟಿತನ, ಕೇಳಿದ ಕಥೆ ಎಲ್ಲ ಸೇರಿ ಅವಳೊಳಗೆ ಇನ್ನೊಬ್ಬಳನ್ನು ಕಟ್ಟಿವೆ. ಕಂಡುಹಿಡಿಯುವವನು ಮನೋವೈದ್ಯ. ಬೊಂಬೆಯೊಂದನ್ನು ಕೊಲ್ಲಿಸಿ ಗುಣಪಡಿಸುವ ಅವನ ಚಿಕಿತ್ಸೆ ಸಿನಿಮಾದ್ದೇ ಹೊರತು ಆಸ್ಪತ್ರೆಯದಲ್ಲ. ಆದರೂ ‘ಇವಳಿಗೆ ಬೇಕಾದದ್ದು ಹೊಡೆತವಲ್ಲ, ಚಿಕಿತ್ಸೆ’ ಎಂದು ಲಕ್ಷಾಂತರ ಜನರಿಗೆ ಒಂದು ಜನಪ್ರಿಯ ಚಿತ್ರ ಹೇಳಿದ್ದು ಸಣ್ಣ ಮಾತಲ್ಲ. ಕನ್ನಡದಲ್ಲಿ ಅದಕ್ಕೂ ಮೊದಲು, 1979ರಲ್ಲಿ ಅನಂತನಾಗ್ ಮತ್ತು ಲಕ್ಷ್ಮಿ ನಟಿಸಿದ್ದ ‘ನಾ ನಿನ್ನ ಬಿಡಲಾರೆ’ ನಮ್ಮ ಜನರನ್ನು ಚೆನ್ನಾಗಿಯೇ ನಡುಗಿಸಿತ್ತು. ಅಲ್ಲಿ ದೆವ್ವ ನಿಜವಾದ ದೆವ್ವ, ಬಿಡಿಸಿದ್ದು ದೈವಶಕ್ತಿ. ‘ಆಪ್ತಮಿತ್ರ’ ಬಂದದ್ದು ಬೇರೆ ದಾರಿಯಲ್ಲಿ.

ಮುಂದಿನ ಭಾಗಗಳು ಆ ದಾರಿ ಬಿಟ್ಟವು. 2010ರ ‘ಆಪ್ತರಕ್ಷಕ’ದಲ್ಲಿ ನಾಗವಲ್ಲಿಯ ಚಿತ್ರಪಟ ಹೋದ ಮನೆಗೆಲ್ಲ ಕೆಡುಕು; ಅಂದಿನ ರಾಜ ನೂರು ದಾಟಿಯೂ ಬದುಕಿದ್ದಾನೆ. 2022ರ ‘ಭೂಲ್ ಭುಲಯ್ಯ 2’ರಲ್ಲಿ ದೆವ್ವ ಸಾಕ್ಷಾತ್ ದೆವ್ವವೇ. ವಿವರಣೆಗೆ ತಾಳ್ಮೆ ಬೇಕು, ದೆವ್ವಕ್ಕೆ ಗ್ರಾಫಿಕ್ಸ್ ಸಾಕು. ಮನಸ್ಸಿನ ಕಾಯಿಲೆಯಿಂದ ಹೊರಟ ಕಥೆ ದೆವ್ವಕ್ಕೆ ಹಿಂದಿರುಗಿತು. ಅಭಿಮಾನಿಯಾಗಿ ನಾನು ಎರಡನ್ನೂ ನೋಡಿ ಚಪ್ಪಾಳೆ ಹೊಡೆಯಬಲ್ಲೆ. ಅಧ್ಯಾಪಕನಾಗಿ ನನಗೆ ಇದು ಹಿನ್ನಡೆ.

ತೆರೆಯ ಹೊರಗೂ ಒಂದು ಕಥೆ ಹುಟ್ಟಿತು. ಸೌಂದರ್ಯ 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ‘ಆಪ್ತಮಿತ್ರ’ ಬಿಡುಗಡೆಯಾದದ್ದು ಆಗಸ್ಟಿನಲ್ಲಿ. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಹೃದಯಾಘಾತದಿಂದ ತೀರಿಕೊಂಡರು. ‘ಆಪ್ತರಕ್ಷಕ’ ಬಂದದ್ದು ಮುಂದಿನ ಫೆಬ್ರವರಿಯಲ್ಲಿ. ಇವೆರಡನ್ನೂ ಗಂಟು ಹಾಕಿ ‘ನಾಗವಲ್ಲಿಯ ಶಾಪ’ ಎಂಬ ಮಾತು ಹಬ್ಬಿತು. ತರ್ಕದ ದೃಷ್ಟಿಯಿಂದ ಇದನ್ನು ಬಿಡಿಸಿ ನೋಡಿ. ಒಂದರ ನಂತರ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ. ಅದೇ ಪಾತ್ರವನ್ನು ಮಾಡಿದ ಶೋಭನಾ, ಜ್ಯೋತಿಕಾ, ವಿದ್ಯಾ ಬಾಲನ್ ಆಮೇಲೂ ವರ್ಷಗಟ್ಟಲೆ ನಟಿಸಿದರು. ಶಾಪದ ಕಥೆ ಹೇಳುವವರು ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೇಕಾದ ಉದಾಹರಣೆ ಇಟ್ಟುಕೊಂಡು ಬೇಡವಾದದ್ದನ್ನು ಬಿಡುವುದೇ ವದಂತಿಯ ಕೆಲಸ.

ಇದು ಬರೀ ಸಿನಿಮಾ ಹರಟೆ ಎಂದುಕೊಳ್ಳಬೇಡಿ. ಇದ್ದಕ್ಕಿದ್ದಂತೆ ಮಾತು ಬಿಟ್ಟ, ತನ್ನಷ್ಟಕ್ಕೆ ತಾನೇ ಮಾತಾಡುವ, ರಾತ್ರಿ ನಿದ್ದೆ ಮಾಡದ ಹುಡುಗನನ್ನೋ ಹುಡುಗಿಯನ್ನೋ ಕಂಡರೆ ‘ಏನೋ ಮೆಟ್ಟಿಕೊಂಡಿದೆ’ ಎನ್ನುವ ಮನೆಗಳು ಈಗಲೂ ಎಲ್ಲ ಸಮುದಾಯಗಳಲ್ಲೂ ಇವೆ. ಹಾಗೆಂದು ಕಳೆದ ಪ್ರತಿ ತಿಂಗಳೂ ಕಾಯಿಲೆ ಬಲಿಯುವ ತಿಂಗಳು. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ 1971ರಲ್ಲಿ ಮಾಡಿದ ‘ಶರಪಂಜರ’ ನೋಡಿ. ಅದರಲ್ಲಿ ದೆವ್ವವೇ ಇಲ್ಲ. ಕಲ್ಪನಾ ಮಾಡಿದ ಕಾವೇರಿ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ಮನೆಯವರೂ ನೆರೆಯವರೂ ಅವಳನ್ನು ಹುಚ್ಚಿಯಂತೆಯೇ ನೋಡಿ ನೋಡಿ ಮತ್ತೆ ಕುಸಿಯುವಂತೆ ಮಾಡುತ್ತಾರೆ. ನನ್ನ ಪಟ್ಟಿಯಲ್ಲಿ ಕನ್ನಡದ ಅತಿ ಭಯಂಕರ ಚಿತ್ರ ಅದು.

ನಿಸಾರ್ ಅಹಮದ್ ಅವರ ಮೊದಲ ಕವನ ಸಂಕಲನದ ಹೆಸರು ‘ಮನಸು ಗಾಂಧಿಬಜಾರು’, 1960ರದು. ಮನಸ್ಸನ್ನು ನಮ್ಮ ಈ ಬಜಾರಿಗೆ ಹೋಲಿಸುವ ಆ ಹೆಸರೇ ಒಂದು ಪಾಠ. ಗದ್ದಲ ಅಲ್ಲಿ ಸಹಜ. ಗದ್ದಲ ಮಿತಿಮೀರಿದಾಗ ಸಹಾಯ ಕೇಳುವುದೂ ಅಷ್ಟೇ ಸಹಜವಾಗಬೇಕು. ದೇಶದಲ್ಲೇ ಹೆಸರಾದ ನಿಮ್ಹಾನ್ಸ್ ಆಸ್ಪತ್ರೆ ಲಾಲ್‌ಬಾಗ್ ದಾಟಿದರೆ ಹೊಸೂರು ರಸ್ತೆಯಲ್ಲೇ ಇದೆ. ಹೋಗಲು ಸಂಕೋಚವಾದರೆ ‘ಟೆಲಿ ಮಾನಸ್’ ಸಹಾಯವಾಣಿ ಇದೆ: 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಈ ಸಂಖ್ಯೆಯನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ.

೫. ಎಷ್ಟು ತೋರಿಸಬೇಕು?

ಈಗ ರಾಕ್ಷಸರಿಗೆ ಬರೋಣ. ಇಂದಿನ ದೈತ್ಯ ಚಿತ್ರಗಳ ಮೇಲೆ ನನ್ನ ಮುಖ್ಯ ದೂರು ಒಂದೇ: ಹತ್ತನೇ ನಿಮಿಷಕ್ಕೇ ಎಲ್ಲ ತೋರಿಸಿಬಿಡುತ್ತಾರೆ. 1975ರ ‘ಜಾಸ್’ ಚಿತ್ರದಲ್ಲಿ ಯಂತ್ರದ ಶಾರ್ಕ್ ಪದೇ ಪದೇ ಕೆಟ್ಟು ನಿಂತಿದ್ದರಿಂದ ನಿರ್ದೇಶಕ ಸ್ಪೀಲ್‌ಬರ್ಗ್ ಅದನ್ನು ಆದಷ್ಟು ಕಡಿಮೆ ತೋರಿಸಬೇಕಾಯಿತು. ಅರ್ಧ ಚಿತ್ರ ದಾಟುವವರೆಗೂ ಮೀನು ಸರಿಯಾಗಿ ಕಾಣುವುದಿಲ್ಲ. ಆ ಅಡಚಣೆಯೇ ಚಿತ್ರದ ಜೀವವಾಯಿತು.

ನಮ್ಮ ಯಕ್ಷಗಾನದವರಿಗೆ ಈ ಗುಟ್ಟು ಮೊದಲೇ ಗೊತ್ತಿತ್ತು. ಬಣ್ಣದ ವೇಷದ ರಾಕ್ಷಸ ಮುಖದ ಮೇಲೆ ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟುಕೊಂಡು ಗಂಟೆಗಟ್ಟಲೆ ಚೌಕಿಯಲ್ಲಿ ಕೂತು ತಯಾರಾಗುತ್ತಾನೆ. ಆದರೆ ರಂಗಕ್ಕೆ ಒಮ್ಮೆಗೇ ಬರುವುದಿಲ್ಲ. ಮೊದಲು ತೆರೆ, ತೆರೆಯ ಹಿಂದಿನಿಂದ ಆರ್ಭಟ, ಆಮೇಲೆ ಕಿರೀಟದ ತುದಿ. ಪೂರ್ತಿ ಮುಖ ಕಾಣುವ ಹೊತ್ತಿಗೆ ಮಕ್ಕಳು ಅಮ್ಮನ ಸೆರಗು ಹಿಡಿದಾಗಿರುತ್ತದೆ.

ಕಂಪ್ಯೂಟರ್ ಗ್ರಾಫಿಕ್ಸೇ ಕೆಟ್ಟದ್ದು ಎಂದಲ್ಲ. ಜಪಾನಿನ ‘ಗಾಡ್ಜಿಲ್ಲಾ’ ತೆಗೆದುಕೊಳ್ಳಿ. 1954ರ ಮಾರ್ಚ್‌ನಲ್ಲಿ ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷಿಸಿದಾಗ ಅದರ ವಿಕಿರಣದ ಬೂದಿ ಜಪಾನಿ ಮೀನುಗಾರರ ದೋಣಿಯೊಂದರ ಮೇಲೆ ಬಿತ್ತು. ಅದೇ ವರ್ಷದ ನವೆಂಬರಿನಲ್ಲಿ ಚಿತ್ರ ಬಂತು. ಬಾಂಬಿನಿಂದ ಎದ್ದ ದೈತ್ಯನ ಕಥೆ. 1998ರಲ್ಲಿ ಹಾಲಿವುಡ್ ಅದನ್ನು ಮತ್ತೆ ಮಾಡಿದಾಗ ಬಾಂಬು ಫ್ರಾನ್ಸಿನದಾಯಿತು! ಊರು ಬದಲಾದ ಕೂಡಲೇ ಅಪರಾಧಿಯೂ ಬದಲಾದ. ದೈತ್ಯ ದೊಡ್ಡದಾದ, ಕಥೆ ಟೊಳ್ಳಾಯಿತು. 2023ರಲ್ಲಿ ಜಪಾನೀಯರೇ ಮಾಡಿದ ‘ಗಾಡ್ಜಿಲ್ಲಾ ಮೈನಸ್ ಒನ್’ ಯುದ್ಧದಲ್ಲಿ ಸೋತು ಸುಣ್ಣವಾದ ತಮ್ಮದೇ ನಾಡಿಗೆ ಹಿಂದಿರುಗಿತು. ಹಾಲಿವುಡ್ಡಿನ ಲೆಕ್ಕದಲ್ಲಿ ಅತಿ ಕಡಿಮೆ ಖರ್ಚಿನ ಆ ಚಿತ್ರ ವಿಷುವಲ್ ಎಫೆಕ್ಟ್ಸ್ ವಿಭಾಗದಲ್ಲಿ ಆಸ್ಕರ್ ಗೆದ್ದಿತು.

ನಮ್ಮಲ್ಲೂ ಅಂಥ ಒಂದು ಚಿತ್ರ ಇದೆ. ಪವನ್ ಕುಮಾರ್ ಅವರ 2016ರ ‘ಯು ಟರ್ನ್’. ಲಾಲ್‌ಬಾಗಿನ ಆಚೆಗಿರುವ ಡಬಲ್ ರೋಡ್ ಮೇಲ್ಸೇತುವೆಯಲ್ಲಿ ದೂರ ಸುತ್ತುವುದು ಬೇಡವೆಂದು ರಸ್ತೆ ನಡುವಿನ ಕಲ್ಲುಗಳನ್ನು ಸರಿಸಿ ತಿರುಗಿಸಿಕೊಂಡವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಅಲ್ಲಿ ರಾಜನೂ ಇಲ್ಲ, ಪರಭಾಷೆಯ ನರ್ತಕಿಯೂ ಇಲ್ಲ. ತಪ್ಪು ನಿಮ್ಮಂಥ, ನನ್ನಂಥ ಸ್ಕೂಟರ್ ಸವಾರನದು. ಅದು ಮುಂದೆ ಮಲಯಾಳಂ, ತಮಿಳು, ತೆಲುಗು, ಹಿಂದಿಗೆ ಹೋಯಿತು. ಕಲ್ಲು ಸರಿಸುವವರು ಎಲ್ಲ ಊರಲ್ಲೂ ಇದ್ದಾರಲ್ಲ!

೬. ಸಾರಾಂಶ

ಯಾವುದೇ ದೆವ್ವದ ಚಿತ್ರ ನೋಡುವಾಗ ಎರಡು ಪ್ರಶ್ನೆ ಕೇಳಿ. ಇಲ್ಲಿ ಹೆದರಿಸಲು ಯಾರ ಮುಖ, ಯಾರ ಭಾಷೆ ಬಳಸಿದ್ದಾರೆ? ನಿಜವಾದ ತಪ್ಪು ಯಾರದು? ಒಳ್ಳೆಯ ರೀಮೇಕು ಈ ಪ್ರಶ್ನೆಗಳನ್ನು ತನ್ನ ಊರಿಗೆ ತಕ್ಕಂತೆ ಹೊಸದಾಗಿ ಕೇಳುತ್ತದೆ. ಕೆಟ್ಟ ರೀಮೇಕು ದೆವ್ವವನ್ನು ಮಾತ್ರ ತರುತ್ತದೆ, ಪ್ರಶ್ನೆಯನ್ನು ಅಲ್ಲೇ ಬಿಟ್ಟು ಬರುತ್ತದೆ. ಹೆದರಿ, ಕಿರುಚಿ, ಪಾಪ್‌ಕಾರ್ನ್ ಚೆಲ್ಲಿ, ತೊಂದರೆಯಿಲ್ಲ. ದೀಪ ಹತ್ತಿದ ಮೇಲೆ ಆ ಹೆದರಿಕೆಯನ್ನು ಪಕ್ಕದ ಸೀಟಿನವರ ಮೇಲೆ ಹಾಕಿ ಬರಬೇಡಿ.

ಅಭ್ಯಾಸ

1. ಗಾಂಧಿ ಬಜಾರಿನಲ್ಲಿ ಅಥವಾ ನಿಮ್ಮ ಬೀದಿಯಲ್ಲಿ ಐವತ್ತು ದಾಟಿದ ಮೂವರನ್ನು ‘ನಾಳೆ ಬಾ’ ಬಗ್ಗೆ ಕೇಳಿ. ಅವರ ಕಥೆಯಲ್ಲಿ ದೆವ್ವ ಯಾವ ಭಾಷೆಯಲ್ಲಿ ಕೂಗಿತು ಎಂಬುದನ್ನು ತಪ್ಪದೆ ಬರೆದುಕೊಳ್ಳಿ.

2. ನೀವು ನೋಡಿದ ಯಾವುದಾದರೂ ಮೂಲ ಚಿತ್ರ ಮತ್ತು ಅದರ ರೀಮೇಕನ್ನು ಹೋಲಿಸಿ ಇನ್ನೂರು ಪದಗಳಲ್ಲಿ ಬರೆಯಿರಿ. ಬದಲಾದದ್ದೇನು? ಬದಲಿಸಿದ್ದು ಸರಿಯೇ?

3. ‘ನಾಗವಲ್ಲಿಯ ಶಾಪ’ದಂಥ ಇನ್ನೊಂದು ವದಂತಿಯನ್ನು ಆರಿಸಿಕೊಂಡು, ಅದನ್ನು ಹೇಳುವವರು ಯಾವ ಉದಾಹರಣೆಗಳನ್ನು ಬಿಟ್ಟಿದ್ದಾರೆ ಎಂದು ಪಟ್ಟಿ ಮಾಡಿ.

4. ನಿಮ್ಮ ಮನೆಭಾಷೆ ಮಾತಾಡುವ ದೆವ್ವವಿರುವ ಚಿತ್ರ ಯಾವುದಾದರೂ ಇದೆಯೇ? ನೋಡಿದಾಗ ಹೇಗನ್ನಿಸಿತು? ಉತ್ತರಗಳನ್ನು ಸ್ಟಾಫ್ ರೂಮಿಗೆ ತಂದುಕೊಡಿ. ಒಳ್ಳೆಯವನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.